ಕಿಂಗ್‌ಡಮ್ ಕಮ್ 2: ಉದ್ದ ಕತ್ತಿ ಬಡಿಯುವಾಗ ಕಾವು ಹಿಡಿಯೋದು ಹೇಗೆ? ಕುಲುಮೆ ಕೆಲಸ ಬಲ್ಲವರೂ ಬನ್ನಿ

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ಎಲ್ರಿಗೂ ನಮಸ್ಕಾರ. ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2 ಆಡ್ತಿರೋರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳ್ತಿದೀನಿ. ಆಡದೇ ಇರೋರಿಗೆ ಎರಡು ಮಾತು. 2025ರ ಫೆಬ್ರುವರಿಯಲ್ಲಿ ಬಂದ ಆಟ, ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್‌ನವರು ಮಾಡಿದ್ದು. ಕಥೆ ನಡೆಯೋದು 1403ರ ಬೊಹೀಮಿಯಾದಲ್ಲಿ, ಈಗಿನ ಚೆಕ್ ದೇಶದಲ್ಲಿ. ಮಾಯಾ ಮಂತ್ರ, ಡ್ರ್ಯಾಗನ್ ಏನೂ ಇಲ್ಲ. ನಾಯಕ ಹೆನ್ರಿ ಕಮ್ಮಾರನ ಮನೆಯಲ್ಲಿ ಬೆಳೆದವನು. ಮೊದಲನೇ ಭಾಗದಲ್ಲಿ ಕತ್ತಿಗೆ ಸಾಣೆ ಹಿಡಿಯೋಕೆ ಮಾತ್ರ ಅವಕಾಶ ಇತ್ತು. ಈ ಭಾಗದಲ್ಲಿ ತಿದಿ ಒತ್ತೋದು, ಕಬ್ಬಿಣ ಕಾಯಿಸೋದು, ಅಡಿಗಲ್ಲ ಮೇಲಿಟ್ಟು ಪೆಟ್ಟು ಹಾಕೋದು, ಕೊನೆಗೆ ನೀರಿಗೆ ಅದ್ದೋದು, ಎಲ್ಲಾ ನಮ್ಮ ಕೈಯಲ್ಲೇ.

ಲಾಳ ಮಾಡಿದ್ರೆ ಚೆನ್ನಾಗಿ ಬರುತ್ತೆ. ಕೊಡಲಿನೂ ಪರವಾಗಿಲ್ಲ. ಉದ್ದ ಕತ್ತಿಗೆ ಕೈ ಹಾಕಿದ್ರೆ ಮಾತ್ರ ಕೆಳಗಿನ ದರ್ಜೆಯಲ್ಲೇ ನಿಂತುಬಿಡುತ್ತೆ. ಕಾವು ಜಾಸ್ತಿ ಆಯ್ತೋ, ಪೆಟ್ಟು ತಪ್ಪಾಯ್ತೋ, ಲಯ ಹೋಯ್ತೋ ಅಂತ ಆಟ ಬಾಯಿಬಿಟ್ಟು ಹೇಳಲ್ಲ. ಪರದೆ ಮೇಲೆ ಕಾವಿನ ಅಳತೆನೂ ತೋರಿಸಲ್ಲ. ಕಬ್ಬಿಣದ ಬಣ್ಣ ನೋಡೇ ತಿಳ್ಕೋಬೇಕು. ನೀವೆಲ್ಲ ಹೇಗೆ ಮಾಡ್ತೀರಿ?

ಇನ್ನೊಂದು ವಿಷಯ. ಈ ಆಟ ಶುರು ಮಾಡಿದ ಮೇಲೆ ನಮ್ಮೂರಿನ ಕುಲುಮೆ ಮುಂದೆ ಹೋಗುವಾಗ ನಿಂತು ನೋಡೋ ಹಾಗಾಗಿದೆ. ಆಟದಲ್ಲಿ ತೋರಿಸೋದು ನಿಜವಾದ ಕೆಲಸಕ್ಕೆ ಎಷ್ಟು ಹತ್ತಿರ ಇದೆ? ಬಲ್ಲವರು ಬಿಡಿಸಿ ಹೇಳಿ.


ಬೆಣ್ಣೆದೋಸೆ_ಯೋಧ (ದಾವಣಗೆರೆ)

ಗುರು, ಲಾಳಕ್ಕೆ ಪೆಟ್ಟು ಕಡಿಮೆ, ಹಾಗಾಗಿ ಒಂದೆರಡು ಕಾವಲ್ಲಿ ಕೆಲಸ ಮುಗಿದುಹೋಗುತ್ತೆ. ಉದ್ದ ಕತ್ತಿಗೆ ಪೆಟ್ಟು ಜಾಸ್ತಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋದ್ರೊಳಗೆ ಬಣ್ಣ ಇಳಿದಿರುತ್ತೆ. ಅಲ್ಲೇ ಎಲ್ಲರೂ ಆಸೆ ಬೀಳೋದು, "ಇನ್ನೊಂದು ನಾಲ್ಕು ಪೆಟ್ಟು ಹಾಕಿಬಿಡೋಣ" ಅಂತ. ಹಾಕಬೇಡ. ಬಣ್ಣ ಮಂಕಾಗ್ತಿದ್ದ ಹಾಗೇ ಎತ್ತಿ ಮತ್ತೆ ಬೆಂಕಿಗಿಡು. ಎಷ್ಟು ಸಲ ಕಾಯಿಸಿದ್ರೂ ಆಟ ಬೇಜಾರು ಮಾಡ್ಕೊಳ್ಳಲ್ಲ, ತಣ್ಣಗಿರೋದಕ್ಕೆ ಬಡಿದ್ರೆ ಮಾತ್ರ ದರ್ಜೆ ಕೆಡುತ್ತೆ.

ಒಂದೇ ಜಾಗಕ್ಕೆ ಬಡೀಬೇಡ. ಸುತ್ತಿಗೆಯನ್ನ ಉದ್ದಕ್ಕೂ ಸರಿಸ್ತಾ ಹೋಗು, ಆಮೇಲೆ ಮಗುಚಿ ಇನ್ನೊಂದು ಮಗ್ಗುಲು. ಪೆಟ್ಟಿನ ನಡುವಿನ ಅಂತರ ಒಂದೇ ಸಮ ಇರಲಿ. ಮೌಸ್ ಒತ್ತೋದ್ರಲ್ಲಿ ಆತುರ ಬೇಡ, ಕಿವಿ ಕೊಟ್ಟು ಕೇಳು, ಶಬ್ದದಲ್ಲೇ ಲಯ ಸಿಗುತ್ತೆ.

ಕೈಚಳಕ ಅನ್ನೋ ಕೌಶಲದ ಮಟ್ಟನೂ ನೋಡ್ಕೋ. ಅದು ಕಡಿಮೆ ಇದ್ದಾಗ ದೊಡ್ಡ ಕತ್ತಿಗೆ ಹೋಗೋ ಬದಲು ಲಾಳ, ಕೊಡಲಿ, ಬೇಟೆ ಕತ್ತಿ ಮಾಡಿ ಮಾರ್ಕೋ, ದುಡ್ಡೂ ಆಗುತ್ತೆ, ಮಟ್ಟನೂ ಏರುತ್ತೆ. ಹೊಸದಾಗಿ ಶುರು ಮಾಡೋರಿಗೆ ಇನ್ನೊಂದು ಮಾತು: ಆಟದ ಕಥೆಯಲ್ಲಿ ಒಂದು ಮದುವೆ ಬರುತ್ತೆ, ಅದಕ್ಕೆ ಹೋಗೋಕೆ ದಾರಿ ಹುಡುಕುವಾಗ ಗಿರಣಿಯವನ ಹತ್ರನೂ ಹೋಗಬಹುದು, ತಾಖೋವ್ ಹಳ್ಳಿಯ ಕಮ್ಮಾರ ರಾಡೋವಾನ್ ಹತ್ರನೂ ಹೋಗಬಹುದು. ಕಮ್ಮಾರನ ಹತ್ರ ಹೋಗಿ. ಕೆಲಸ ಹಿಡಿದು ಕಲಿಸ್ತಾನೆ.


ಕುಲುಮೆಮನೆ (ದಾವಣಗೆರೆ, ಊರು ಹೊಳಲ್ಕೆರೆ ಕಡೆ)

ಈ ಆಟ ನಾನು ಆಡಿಲ್ಲ, ಮಗ ಆಡ್ತಾನೆ. ಪಕ್ಕದಲ್ಲಿ ಕೂತು ನೋಡೀನಿ. ನಮ್ಮಪ್ಪ ಕಮ್ಮಾರಿಕೆ ಮಾಡ್ತಿದ್ರು, ನಾನು ತಿದಿ ಒತ್ತಿ ಸಮ್ಮಟಿಗೆ ಹೊಡೆದೇ ಬೆಳೆದೋನು. ಈಗ ಇಲ್ಲಿ ವೆಲ್ಡಿಂಗ್ ಶಾಪ್ ಇಟ್ಕೊಂಡಿದೀನಿ, ಊರಿನ ಕುಲುಮೆ ನಮ್ಮ ಚಿಕ್ಕಪ್ಪ ನೋಡ್ಕೋತಾರೆ. ಜೋಗಿಮಟ್ಟಿಯವರು ಕೇಳಿದ್ದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಬಣ್ಣ ನೋಡಿ ಕಾವು ತಿಳಿಯೋದನ್ನ ಆಟದೋರು ಸರಿಯಾಗಿ ಹಿಡಿದಿದಾರೆ. ನಮ್ಮ ಕಡೆ ಕುಲುಮೆ ಯಾವಾಗ್ಲೂ ನೆರಳಲ್ಲಿ, ಸ್ವಲ್ಪ ಮಬ್ಬಲ್ಲಿ ಇರುತ್ತೆ. ಬಡತನಕ್ಕೋ ಸೋಮಾರಿತನಕ್ಕೋ ಹಾಗೆ ಬಿಟ್ಟಿರೋದು ಅಂತ ತಿಳ್ಕೋಬೇಡಿ. ಬಿಸಿಲಲ್ಲಿ ಹಿಡಿದ್ರೆ ಕೆಂಪಗೆ ಕಾದ ಕಬ್ಬಿಣನೂ ಕಪ್ಪಗೇ ಕಾಣುತ್ತೆ, ಬಣ್ಣ ಓದೋಕಾಗಲ್ಲ. ಕಡುಗೆಂಪು ಇದ್ದಾಗ ಸುಮಾರು 700 ಡಿಗ್ರಿ ಸೆಲ್ಸಿಯಸ್, ಬಡಿಯೋಕೆ ಅದು ಸಾಲದು. ಕಿತ್ತಳೆಗೆ ತಿರುಗಿದಾಗ 900 ದಾಟಿರುತ್ತೆ. ಹಳದಿಗೆ ಬಂದ್ರೆ 1100ರ ಹತ್ರ. ಬಡಿಯೋ ಕಾವು ಅಂದ್ರೆ ಈ ಕಿತ್ತಳೆಯಿಂದ ಹಳದಿವರೆಗೆ. ಅದಕ್ಕೂ ಮೇಲೆ ಬೆಳ್ಳಗಾಗಿ ಬೆಂಕಿಯೊಳಗೇ ಕಬ್ಬಿಣದಿಂದ ಕಿಡಿ ಹಾರೋಕೆ ಶುರುವಾದ್ರೆ ಉಕ್ಕು ಸುಟ್ಟುಹೋಯ್ತು ಅಂತ ಲೆಕ್ಕ. ಆ ತುಂಡನ್ನ ಕತ್ತರಿಸಿ ಬಿಸಾಕೋದೇ, ಬೇರೆ ಉಪಾಯ ಇಲ್ಲ.

ಆಟದಲ್ಲಿ ಹೆನ್ರಿ ಒಬ್ಬನೇ ಬಡೀತಾನೆ. ದಪ್ಪ ಕೆಲಸಕ್ಕೆ ಒಬ್ಬನ ಕೈ ಸಾಲಲ್ಲ. ಅಪ್ಪ ಎಡಗೈಲಿ ಇಕ್ಕಳ, ಬಲಗೈಲಿ ಸಣ್ಣ ಸುತ್ತಿಗೆ ಹಿಡಿದು ಕೂರೋರು. ನಾನೋ ಚಿಕ್ಕಪ್ಪನೋ ಎದುರಿಗೆ ಸಮ್ಮಟಿಗೆ ಎತ್ತಿ ನಿಲ್ಲೋದು. ಅಪ್ಪನ ಸಣ್ಣ ಪೆಟ್ಟು ಎಲ್ಲಿ ಬೀಳುತ್ತೋ ಅದೇ ಜಾಗಕ್ಕೆ ನಮ್ಮ ದೊಡ್ಡ ಪೆಟ್ಟು ಬೀಳಬೇಕು. ಬಾಯಲ್ಲಿ ಏನೂ ಹೇಳ್ತಿರಲಿಲ್ಲ. ಸುತ್ತಿಗೆಯನ್ನ ಬರೀ ಅಡಿಗಲ್ಲ ಮೇಲೆ ತಟ್ಟಿದ್ರೆ ನಿಲ್ಲಿಸು ಅಂತ ಅರ್ಥ. ನೀವು ಲಯ ಲಯ ಅಂತಿದೀರಲ್ಲ, ಎದುರು ಸಮ್ಮಟಿಗೆ ಎತ್ತಿದೋನ ಕೈ ಮೇಲೆ ನಂಬಿಕೆ ಹುಟ್ಟೋದೇ ಅದರಿಂದ.

ಇನ್ನು ಆಟ ಪೂರ್ತಿ ಬಿಟ್ಟಿರೋ ಒಂದು ಕೆಲಸ ಇದೆ, ನನ್ನ ಪ್ರಕಾರ ಕಮ್ಮಾರಿಕೆಯ ಜೀವ ಅದರಲ್ಲೇ ಇರೋದು. ಆಟದಲ್ಲಿ ಕತ್ತಿನ ನೀರಿಗೆ ಅದ್ದಿದ ಕೂಡಲೇ ಮುಗೀತು, ಸೊಂಟಕ್ಕೆ ಕಟ್ಕೊಂಡು ಹೋಗಬಹುದು. ನಿಜವಾಗಿ ಹಾಗೆ ಅದ್ದಿ ಬಿಟ್ಟ ಉಕ್ಕು ಗಡುಸಾಗಿರುತ್ತೆ, ಆದ್ರೆ ಕಲ್ಲಿಗೆ ತಗುಲಿದ್ರೆ ಗಾಜಿನ ಹಾಗೆ ಸಿಡಿಯುತ್ತೆ. ಆ ಗಡಸುತನನ ಸ್ವಲ್ಪ ಇಳಿಸಿ ಹದಕ್ಕೆ ತರಬೇಕು.

ಕೊಡಲಿಗೆ ಅಪ್ಪ ಮಾಡ್ತಿದ್ದದ್ದು ಹೇಳ್ತೀನಿ. ಬಾಯಿ ಕಡೆ ಹಣ್ಣುಗೆಂಪು ಬರೋವರೆಗೆ ಕಾಯಿಸಿ, ಬಾಯಿಯನ್ನ ಮಾತ್ರ ಎರಡು ಬೆರಳು ಆಳಕ್ಕೆ ನೀರಲ್ಲಿ ಅದ್ದೋರು. ಒಂದೇ ಕಡೆ ಹಿಡಿದು ನಿಲ್ತಿರಲಿಲ್ಲ, ಮೇಲೆ ಕೆಳಗೆ ಸಣ್ಣಗೆ ಆಡಿಸ್ತಾ ಇರೋರು, ಇಲ್ಲದಿದ್ರೆ ನೀರಿನ ಗೆರೆ ಇದ್ದ ಕಡೆನೇ ಬಿರುಕು ಬಿಡುತ್ತೆ. ಹೊರಗೆ ತೆಗೆದು ಸಾಣೆಕಲ್ಲಿನ ಚೂರಿಂದ ಬಾಯಿಯನ್ನ ಬೇಗ ಬೇಗ ಉಜ್ಜಿ ಬೆಳ್ಳಗೆ ಮಾಡೋರು. ಹಿಂದಿನ ಮೈಯಲ್ಲಿ ಕಾವು ಇನ್ನೂ ಉಳಿದಿರುತ್ತಲ್ಲ, ಅದು ನಿಧಾನಕ್ಕೆ ಬಾಯಿ ಕಡೆ ಹರೀತಾ ಬರುತ್ತೆ. ಆಗ ಉಜ್ಜಿದ ಜಾಗದ ಮೇಲೆ ಬಣ್ಣ ಓಡುತ್ತೆ. ಮೊದಲು ಒಣಹುಲ್ಲಿನ ಹಳದಿ, ಅದು 220-230 ಡಿಗ್ರಿ. ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ 300ರ ಹತ್ರ ನೀಲಿ. ಕೊಡಲಿಗೆ ಕಂದು ಹೋಗಿ ನೇರಳೆ ಬರೋ ಹೊತ್ತಿಗೆ ಇಡೀ ಕೊಡಲಿನ ನೀರಿಗೆ ಬಿಡಬೇಕು. ಹಳದಿಲೇ ಬಿಟ್ರೆ ಬಾಯಿ ಚೂರು ಚೂರಾಗಿ ಎದ್ದು ಬರುತ್ತೆ. ನೀಲಿ ದಾಟಿಸಿದ್ರೆ ಜಾಲಿ ಮರಕ್ಕೆ ನಾಲ್ಕು ಏಟು ಹಾಕೋದ್ರೊಳಗೆ ಬಾಯಿ ಮಡಚುತ್ತೆ. ಈ ಬಣ್ಣ ಓಡೋದು ಕೆಲವೇ ಸೆಕೆಂಡಿನ ಆಟ. ಅಷ್ಟು ಹೊತ್ತು ಕುಲುಮೆಯಲ್ಲಿ ಯಾರೂ ಅಪ್ಪನ್ನ ಮಾತಾಡಿಸ್ತಿರಲಿಲ್ಲ.


ಮೌಸ್_ಮತ್ತು_ಮಂಡಕ್ಕಿ (ದಾವಣಗೆರೆ)

ಅಣ್ಣ, ಇದನ್ನ ಆಟದಲ್ಲಿ ಹಾಕಿದ್ರೆ ನಾನು ಬೇರೆ ಯಾವ ಆಟನೂ ಮುಟ್ಟಲ್ಲ. ಬಣ್ಣ ಓಡ್ತಾ ಇರಬೇಕು, ಸರಿಯಾದ ಕ್ಷಣಕ್ಕೆ ನೀರಿಗೆ ಬಿಡಬೇಕು!

ಒಂದು ಡೌಟು. ಬಣ್ಣ ಓದೋ ಕಣ್ಣು ಇಲ್ಲದೇ ಇರೋರು, ಹೊಸದಾಗಿ ಕಲಿಯೋರು ಏನು ಮಾಡ್ತಾರೆ? ಅಯಸ್ಕಾಂತ ಇಟ್ಟು ನೋಡ್ತಾರೆ ಅಂತ ಎಲ್ಲೋ ನೋಡಿದ್ದೆ.


ಕುಲುಮೆಮನೆ

ಹೌದಪ್ಪ, ಅದು ನಿಜ. ಸುಮಾರು 770 ಡಿಗ್ರಿ ದಾಟಿದ್ರೆ ಕಬ್ಬಿಣ ಅಯಸ್ಕಾಂತಕ್ಕೆ ಹಿಡಿಯೋದು ನಿಲ್ಲುತ್ತೆ. ಉದ್ದ ಕಡ್ಡಿಗೆ ಅಯಸ್ಕಾಂತ ಕಟ್ಟಿ ಮುಟ್ಟಿಸಿ ನೋಡಿ, ಹಿಡಿಯಲಿಲ್ಲ ಅಂದ್ರೆ ಇನ್ನು ಸ್ವಲ್ಪ ಕಾಯಿಸಿ ಅದ್ದಬಹುದು. ಅಪ್ಪ ಇದನ್ನ ಬಳಸಿದ್ದು ನಾನು ಕಾಣೆ, ಆದ್ರೆ ಕಲಿಯೋರಿಗೆ ಒಳ್ಳೇ ದಾರಿ. ಆ ಬಣ್ಣನ ಕಣ್ಣಲ್ಲಿ ಇಟ್ಕೊಂಡ್ರೆ ಆಮೇಲೆ ಅಯಸ್ಕಾಂತ ಬೇಕಾಗಲ್ಲ.


ಡೋವಾಕಿನ್_ಪಿಬಿರೋಡ್ (ದಾವಣಗೆರೆ)

ಕುಲುಮೆಮನೆ ಅಣ್ಣ ಬರೆದಿದ್ದು ಓದಿ ಖುಷಿಯಾಯ್ತು. ಆದ್ರೆ ಆಟದ ವಿಷಯಕ್ಕೆ ಬಂದ್ರೆ ನನ್ನ ಅಭಿಪ್ರಾಯ ಬೇರೆ. ಪ್ರತಿ ಕತ್ತಿಗೂ ಕೂತು ಬಡಿಯೋದೇ ಕಮ್ಮಾರಿಕೆ ಅಂತ ಯಾಕೆ ಅಂದ್ಕೋಬೇಕು? 2011ರ ಸ್ಕೈರಿಮ್ ಆಟ ನೋಡಿ. ರಿವರ್‌ವುಡ್‌ನಲ್ಲಿ ಆಲ್ವೋರ್ ಅನ್ನೋ ಕಮ್ಮಾರ ಮೊದಲ ಪಾಠ ಹೇಳ್ಕೊಡ್ತಾನೆ. ಕಬ್ಬಿಣದ ಗಟ್ಟಿ, ಚರ್ಮದ ಪಟ್ಟಿ ಇದ್ರೆ ಒಂದು ಒತ್ತಿಗೆ ಬಾಕು ತಯಾರು. ಬಡಿಯೋದು ಬರೀ ತೋರಿಕೆ, ಒಪ್ಕೋತೀನಿ. ಆದ್ರೆ ಯೋಚನೆ ಇರೋದು ಬೇರೆ ಕಡೆ: ಅದಿರು ಎಲ್ಲಿ ಸಿಗುತ್ತೆ, ಕರಗಿಸೋದೋ ಮಾರೋದೋ, ಯಾವ ಲೋಹದ ವಿದ್ಯೆ ಕಡೆ ಹೋಗೋದು.

ಶುರುವಿನಲ್ಲಿ ಎಲ್ಲರೂ ಕಬ್ಬಿಣದ ಬಾಕು ರಾಶಿ ಹಾಕಿ ಮಟ್ಟ ಏರಿಸ್ತಿದ್ರು. 2012ರಲ್ಲಿ ಅದನ್ನ ತಿದ್ದಿ, ಮಾಡಿದ ವಸ್ತುವಿನ ಬೆಲೆ ಮೇಲೆ ಅನುಭವ ಸಿಗೋ ಹಾಗೆ ಮಾಡಿದ್ರು. ಆಮೇಲೆ ಜನ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪಿಗೆ ಹೋಗಿ ಲೋಹ ಬದಲಿಸೋ ಮಂತ್ರದ ಪುಸ್ತಕ ತಂದು, ಕಬ್ಬಿಣದ ಅದಿರನ್ನ ಬೆಳ್ಳಿ, ಬೆಳ್ಳಿನ ಚಿನ್ನ ಮಾಡಿ ಉಂಗುರ ಮಾಡೋಕೆ ಹತ್ತಿದ್ರು. ಈ ಲೆಕ್ಕಾಚಾರದಲ್ಲೂ ಒಂದು ಕಸುಬಿನ ಬುದ್ಧಿ ಇದೆ. ದಿನವಿಡೀ ಆಫೀಸಿನಲ್ಲಿ ದುಡಿದು ಬಂದೋನು ರಾತ್ರಿ ಮತ್ತೆ ಸುತ್ತಿಗೆ ಹಿಡಿದು ಒಂದೇ ಸಮ ಬಡೀಬೇಕು ಅಂದ್ರೆ ಎಲ್ಲರಿಗೂ ಹಿಡಿಸಲ್ಲ.


ಜೋಗಿಮಟ್ಟಿ_ಗಾಳಿ

ನಿಮ್ಮ ಮಾತಲ್ಲಿ ಹುರುಳಿದೆ, ಆದ್ರೂ ನಾನು ಒಪ್ಪಲ್ಲ. ಸ್ಕೈರಿಮ್‌ನಲ್ಲಿ ನೂರನೇ ಬಾಕು ಮಾಡುವಾಗ ಮೊದಲನೇದಕ್ಕಿಂತ ಏನು ಹೆಚ್ಚಿಗೆ ಗೊತ್ತಿರುತ್ತೆ? ಅಂಕಿ ಏರಿರುತ್ತೆ, ನನ್ನ ಕೈಗೆ ಏನೂ ಬಂದಿರಲ್ಲ. ಇಲ್ಲಿ ಆಟ ನಿಲ್ಲಿಸಿ ಹೋದ ಮೇಲೂ ನನ್ನ ಕಣ್ಣು ಬದಲಾಗಿದೆ. ಮೊನ್ನೆ ಮೆದೇಹಳ್ಳಿ ರಸ್ತೆ ಕಡೆ ಬಂಡಿ ಮೇಲೆ ಬಾಣಲಿ ಕೆಂಪಗೆ ಕಾದಿದ್ದು ನೋಡಿ ಇದು ಎಷ್ಟು ಕಾವು ಇರಬಹುದು ಅಂತ ಯೋಚಿಸ್ತಾ ನಿಂತಿದ್ದೆ. ಆಟ ಕಲಿಸಬಹುದಾದ್ದು ಇದನ್ನೇ, ನೋಡೋದನ್ನ.


ಕುಲುಮೆಮನೆ

ಇಬ್ಬರ ಮಾತೂ ಕಸುಬಿಗೆ ಸೇರಿದ್ದೇ. ಯಾವ ಉಕ್ಕು ಯಾವುದಕ್ಕೆ ಅಂತ ತಿಳಿಯದೇ ಎಷ್ಟು ಚೆನ್ನಾಗಿ ಬಡಿದ್ರೂ ಪ್ರಯೋಜನ ಇಲ್ಲ. ಅಪ್ಪ ಹೊಸ ತುಂಡು ಬಂದ್ರೆ ಮೊದಲು ಸಾಣೆ ಚಕ್ರಕ್ಕೆ ಒತ್ತಿ ಕಿಡಿ ನೋಡೋರು. ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗುತ್ತೆ. ಇಂಗಾಲ ಜಾಸ್ತಿ ಇರೋ ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಹೂವಾಗುತ್ತೆ. ಈಗ ಮಚ್ಚು, ಕುಡಗೋಲಿಗೆ ನಾವು ಬಳಸೋದು ಹೆಚ್ಚಾಗಿ ಲಾರಿಯ ಕಮಾನು ಪಟ್ಟಿ. ಅದರಲ್ಲಿ ಇಂಗಾಲ 0.5ರಿಂದ 0.6 ಶೇಕಡಾ, ಜೊತೆಗೆ ಬಾಗಿ ಮತ್ತೆ ನೆಟ್ಟಗಾಗೋ ಗುಣ. ಅದನ್ನ ನೀರಿಗೆ ಅದ್ದೋಕಿಂತ ಎಣ್ಣೆಗೆ ಅದ್ದೋದು ಒಳ್ಳೇದು, ನೀರು ತುಂಬಾ ಬೇಗ ತಣಿಸಿ ಬಿರುಕು ಬಿಡಿಸುತ್ತೆ. ಕಟ್ಟಡಕ್ಕೆ ಹಾಕೋ ಕಂಬಿ ತಂದು ಕತ್ತಿ ಮಾಡ್ಕೊಡಿ ಅನ್ನೋರು ಈಗಲೂ ಬರ್ತಾರೆ. ಅದು ಅದಕ್ಕೆ ಬರಲ್ಲ, ಅಂಚು ನಿಲ್ಲಲ್ಲ.


ಬ್ರಹ್ಮಗಿರಿ_ಕಲ್ಲು (ಮೊಳಕಾಲ್ಮೂರು)

ಈ ಚರ್ಚೆ ನಮ್ಮ ಜಿಲ್ಲೆಯಲ್ಲಿ ನಡೀತಿರೋದು ನನಗೆ ತುಂಬಾ ಸಂತೋಷ, ಯಾಕಂದ್ರೆ ಕಬ್ಬಿಣದ ವಿಷಯದಲ್ಲಿ ನಮ್ಮ ನೆಲ ಯಾವ ಬೊಹೀಮಿಯಾಗೂ ಕಡಿಮೆ ಇಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ಅಂತ ಶಾಲೆಯಲ್ಲಿ ಎಲ್ಲರೂ ಓದಿರ್ತೀವಿ. ಅದೇ ಜಾಗದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ದೊಡ್ಡ ಬಂಡೆಗಲ್ಲಿನ ಗೋರಿಗಳಲ್ಲಿ ಕಬ್ಬಿಣದ ಸಲಕರಣೆಗಳು ಸಿಕ್ಕವು. ಸತ್ತವರ ಜೊತೆ ಕಬ್ಬಿಣ ಇಟ್ಟು ಮಣ್ಣು ಮಾಡ್ತಿದ್ರು ಅಂದ್ರೆ ಆ ವಸ್ತುವಿಗೆ ಎಷ್ಟು ಬೆಲೆ ಇತ್ತು ನೋಡಿ.

ಆಮೇಲೆ ಮೂಸೆಯ ಉಕ್ಕು. ಮೈಸೂರು ಸೀಮೆ ಸೇರಿ ದಕ್ಷಿಣ ಭಾರತದ ಹಲವು ಕಡೆ ಮಾಡ್ತಿದ್ರು. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತುವಾಗ ಕಬ್ಬಿಣ ಕರಗಿಸೋದನ್ನ, ಉಕ್ಕು ಮಾಡೋದನ್ನ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಒಣ ಕಟ್ಟಿಗೆ, ಹಸಿರೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಗಂಟೆಗಟ್ಟಲೆ ಬೆಂಕಿಯಲ್ಲಿ ಇಡೋದು. ಕಟ್ಟಿಗೆ ಎಲೆ ಸುಟ್ಟು ಇಂಗಾಲ ಆಗುತ್ತೆ, ಕಬ್ಬಿಣ ಅದನ್ನ ಕುಡಿಯುತ್ತೆ. ಶುದ್ಧ ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು, ಇಂಗಾಲ ಸೇರ್ತಾ ಹೋದ ಹಾಗೆ ಕರಗೋ ಕಾವು ಕೆಳಗಿಳಿಯುತ್ತೆ, ಹಾಗಾಗಿ ಇದ್ದಿಲ ಬೆಂಕಿಯಲ್ಲೇ ಕರಗುತ್ತೆ. ಕೊನೆಗೆ ಸಿಗೋ ಗಟ್ಟಿಯಲ್ಲಿ ಇಂಗಾಲ ಸುಮಾರು 1.5 ಶೇಕಡಾ. ಇಂಥ ಗಟ್ಟಿಗಳು ಸಮುದ್ರ ದಾಟಿ ಪಶ್ಚಿಮ ಏಷ್ಯಾಕ್ಕೆ ಹೋಗಿ, ಮೈಮೇಲೆ ನೀರಿನ ಅಲೆ ಹಾಗೆ ಗೆರೆ ಇರೋ ಕತ್ತಿಗಳಾದವು. ತಂಗಡಿ ನಮ್ಮ ಚಳ್ಳಕೆರೆ, ಹಿರಿಯೂರು ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಕೊಂಡು ನಿಂತಿರುತ್ತಲ್ಲ, ಅದೇ ಗಿಡ.

ಆಟದ ಬಗ್ಗೆ ಒಂದು ತಕರಾರು. ಹೆನ್ರಿ ಒಂದೇ ಕುಲುಮೆಯಲ್ಲಿ ಅಲಗು ಬಡಿದು, ಹಿಡಿ ಕೂರಿಸಿ, ಪೂರ್ತಿ ಕತ್ತಿ ಮಾಡಿಬಿಡ್ತಾನೆ. ಆ ಕಾಲದ ಯುರೋಪಿನಲ್ಲಿ ಪಾಸಾವ್, ಸೋಲಿಂಗನ್ ಅಂಥ ಊರುಗಳು ಅಲಗಿಗೇ ಹೆಸರಾಗಿದ್ದವು. ಬಡಿಯೋರು ಬೇರೆ, ಸಾಣೆ ಹಿಡಿಯೋರು ಬೇರೆ, ಹಿಡಿ ಕೂರಿಸೋರು ಬೇರೆ. ಹಳ್ಳಿ ಕಮ್ಮಾರನ ದಿನದ ಕೆಲಸ ಲಾಳ, ಮೊಳೆ, ನೇಗಿಲು.

1403ರಲ್ಲಿ ನಮ್ಮ ಕಡೆ ವಿಜಯನಗರದ ಇಮ್ಮಡಿ ಹರಿಹರನ ಆಳ್ವಿಕೆ. ದುರ್ಗದ ನಾಯಕರು ಬರೋದು ಆಮೇಲೆ. ಏಳು ಸುತ್ತಿನ ಕೋಟೆ, 1779ರಲ್ಲಿ ಹೈದರಾಲಿ ಕೈಗೆ ಬೀಳೋವರೆಗಿನ ಕಾಲ, ಇದನ್ನ ಇಟ್ಕೊಂಡು ಯಾರಾದ್ರೂ ಇಷ್ಟೇ ಶ್ರದ್ಧೆಯಿಂದ ಆಟ ಮಾಡಿದ್ರೆ ಹೇಗಿರುತ್ತೆ ಅಂತ ಯೋಚಿಸಿ.


ಬೆಣ್ಣೆದೋಸೆ_ಯೋಧ

ನಾನು ಯೋಚಿಸಿದೀನಿ! ಆದ್ರೆ ಬರೀ ಯುದ್ಧದ ಆಟ ಬೇಡ. ನಾಯಕ ಕೋಟೆ ಕೆಳಗಿನ ಹಳ್ಳಿಯ ಕಮ್ಮಾರ ಆಗಿರಲಿ. ಮುಂಗಾರಿಗೆ ಮುಂಚೆ ರೈತರೆಲ್ಲ ನೇಗಿಲ ಕುಳ ತಗೊಂಡು ಸಾಲಾಗಿ ಬರ್ತಾರೆ, ಅದೇ ಹೊತ್ತಿಗೆ ಕೋಟೆಯಿಂದ ಈಟಿ ಮೊನೆ ಬೇಕು ಅಂತ ಕರೆ ಬರುತ್ತೆ. ಇದ್ದಿಲು ಇರೋದು ಒಂದಕ್ಕಾಗುವಷ್ಟು ಮಾತ್ರ. ಯಾವುದನ್ನ ಮೊದಲು ಮಾಡ್ತೀಯ?


ಕುಲುಮೆಮನೆ

ಕುಳನೇ ಮೊದಲು. ನಮ್ಮ ತಾತನ ಕಾಲದವರೆಗೂ ಕಮ್ಮಾರನಿಗೆ ದುಡ್ಡು ಕೊಡ್ತಿರಲಿಲ್ಲ, ವರ್ಷವಿಡೀ ಕುಳ ಹಣಿಸಿಕೊಂಡು ಸುಗ್ಗಿಯಲ್ಲಿ ಕಣದಿಂದ ಆಯ ಅಳೆದು ಕೊಡೋರು. ಬಿತ್ತನೆ ತಪ್ಪಿದ್ರೆ ಊರಿಗೂ ಕಾಳಿಲ್ಲ, ಕಮ್ಮಾರನಿಗೂ ಕಾಳಿಲ್ಲ, ಕೋಟೆ ಒಳಗಿರೋರಿಗೂ ಕಾಳಿಲ್ಲ. ನಿಮ್ಮ ಆಟದಲ್ಲಿ ಆಯ ಅಳೆಯೋ ದೃಶ್ಯ ಇರಲಿ.


ವಿದ್ಯಾನಗರ_ವೀರ (ದಾವಣಗೆರೆ)

ಇದೆಲ್ಲ ಓದಿ ಒಂದು ನಿಜವಾದ ಕತ್ತಿನೇ ಮಾಡಿಸಿ ಗೋಡೆಗೆ ನೇತು ಹಾಕ್ಬೇಕು ಅನಿಸ್ತಿದೆ. ಮೂರು ಅಡಿದು. ಯಾರಾದ್ರೂ ಮಾಡ್ಕೊಡ್ತಾರಾ?


ಕೋರ್ಟ್_ಕಟ್ಟೆ (ಚಿತ್ರದುರ್ಗ)

ಸ್ವಲ್ಪ ನಿಲ್ಲಿ ಸರ್. 1959ರ ಶಸ್ತ್ರಾಸ್ತ್ರ ಕಾಯ್ದೆ ಕೆಳಗೆ ಕತ್ತಿನೂ ಬರುತ್ತೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಬಳಕೆಗೆ ಅಲ್ಲದ್ದಾದ್ರೆ ಅದು ಶಸ್ತ್ರದ ಪಟ್ಟಿಗೆ ಸೇರುತ್ತೆ. ಮಾರೋಕೆ ಅಂತ ಮಾಡೋನಿಗೆ ಪರವಾನಗಿ ಬೇಕು. ಇಟ್ಕೊಳ್ಳೋಕೆ ಪರವಾನಗಿ ಬೇಕೋ ಬೇಡವೋ ಅನ್ನೋದು ಆ ಪ್ರದೇಶಕ್ಕೆ ಅಧಿಸೂಚನೆ ಇದೆಯೋ ಇಲ್ಲವೋ ಅನ್ನೋದರ ಮೇಲೆ. ಮೊದಲು ಠಾಣೆಯಲ್ಲಿ ವಿಚಾರಿಸಿ. ಕಮ್ಮಾರನ್ನ ಸುಮ್ಮನೆ ತೊಂದರೆಗೆ ಸಿಕ್ಕಿಸಬೇಡಿ.


ಕುಲುಮೆಮನೆ

ಅವರು ಹೇಳಿದ್ದು ಸರಿ. ಚಿಕ್ಕಪ್ಪ ಕತ್ತಿ ಗಿತ್ತಿ ಮಾಡಲ್ಲ. ಒಳ್ಳೇ ಕುಡಗೋಲು ಮಾಡಿಸ್ಕೊಳ್ಳಿ, ಅಡಿಕೆ ಗೊನೆ ಕೊಯ್ಯೋ ಕತ್ತಿ ಮಾಡಿಸ್ಕೊಳ್ಳಿ. ಕುಡಗೋಲಿನ ಬಾಗು ಹೊರಳಿಸಿ ಅಂಚು ತೆಳ್ಳಗೆ ಎಳೆಯೋದು ನೆಟ್ಟಗಿನ ಕತ್ತಿಗಿಂತ ಕಷ್ಟದ ಕೆಲಸ. ಕೂತು ನೋಡಿದ್ರೆ ಗೊತ್ತಾಗುತ್ತೆ.


ಜೋಗಿಮಟ್ಟಿ_ಗಾಳಿ

ಬೆಣ್ಣೆದೋಸೆ ಗುರು, ನಿನ್ನ ಮಾತಿನ ಹಾಗೆ ಮಾಡಿದೆ. ಕಿತ್ತಳೆ ಇಳಿದು ಕೆಂಪಿಗೆ ಬರ್ತಿದ್ದ ಹಾಗೇ ಎತ್ತಿ ಬೆಂಕಿಗಿಟ್ಟೆ, ಎರಡೂ ಮಗ್ಗುಲು ಸಮ ಮಾಡ್ತಾ ಹೋದೆ. ಉದ್ದ ಕತ್ತಿ ಮೇಲಿನ ದರ್ಜೆಗೆ ಬಂತು! ಇನ್ನು ಇದೇ ಆಟದ ಹೆಚ್ಚುವರಿ ಭಾಗ ಲೆಗಸಿ ಆಫ್ ದ ಫೋರ್ಜ್ ಹಾಕ್ಕೋತೀನಿ. 2025ರ ಸೆಪ್ಟೆಂಬರಿನಲ್ಲಿ ಬಂದ ಆ ಭಾಗದಲ್ಲಿ ಕುಟ್ಟೆನ್‌ಬರ್ಗ್ ಊರಲ್ಲಿ ಸುಟ್ಟುಹೋದ ಕುಲುಮೆನ ಹೆನ್ರಿ ಮತ್ತೆ ಕಟ್ಟಬೇಕಂತೆ.

ಕುಲುಮೆಮನೆ ಅಣ್ಣ, ಒಂದು ಕೇಳಿಕೆ. ನಿಮ್ಮ ಚಿಕ್ಕಪ್ಪ ಒಪ್ಪಿದ್ರೆ ಒಂದು ಭಾನುವಾರ ಬಂದು ನೋಡಬಹುದಾ? ಕೊಡಲಿ ಮೇಲೆ ಬಣ್ಣ ಓಡೋದು ಕಣ್ಣಾರೆ ಕಾಣಬೇಕು ಅಂತ ಆಸೆ. ತಿದಿ ಒತ್ತೋ ಕೆಲಸ ಕೊಟ್ರೂ ಮಾಡ್ತೀನಿ.


ಕುಲುಮೆಮನೆ

ಧಾರಾಳವಾಗಿ ಬಾರಪ್ಪ. ಚಿಕ್ಕಪ್ಪನ್ನ ಕೇಳಿದೆ, ಹುಡುಗರು ನೋಡೋಕೆ ಬರ್ತಾರೆ ಅಂದ್ರೆ ಅವರಿಗೂ ಖುಷಿ. ತಿದಿ ಈಗಿಲ್ಲ, ಕೈಲಿ ತಿರುಗಿಸೋ ಬ್ಲೋಯರ್ ಇದೆ, ಅದನ್ನ ತಿರುಗಿಸುವಿಯಂತೆ. ಬೆಳಿಗ್ಗೆ ಎಂಟರೊಳಗೆ ಬಂದ್ರೆ ಒಳ್ಳೇದು, ಬಿಸಿಲೇರಿದ ಮೇಲೆ ಒಳಗೆ ನಿಲ್ಲೋಕಾಗಲ್ಲ. ಹತ್ತಿ ಬಟ್ಟೆ ಹಾಕ್ಕೊಂಡು ಬಾ. ಪಾಲಿಯೆಸ್ಟರ್ ಅಂಗಿ ಬೇಡ, ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕೊಳ್ಳುತ್ತೆ. ಚಪ್ಪಲಿ ಬೇಡ, ಶೂ ಇರಲಿ. ನೆಲದ ಮೇಲೆ ಬಿದ್ದಿರೋ ಕಬ್ಬಿಣ ಎಷ್ಟೇ ಕಪ್ಪಗೆ ಕಂಡ್ರೂ ಕೇಳದೇ ಮುಟ್ಟಬೇಡ. ಮನೆಯಲ್ಲಿ ಮೊಂಡಾದ ಕೊಡಲಿ ಇದ್ರೆ ತಗೊಂಡು ಬಾ, ಅದಕ್ಕೇ ಹದ ಹಾಕಿ ತೋರಿಸ್ತಾರೆ.


ಮೌಸ್_ಮತ್ತು_ಮಂಡಕ್ಕಿ

ಅಣ್ಣ, ನಾನೂ ಬರ್ತೀನಿ. ನಮ್ಮಜ್ಜಿ ಮನೇಲಿ ಎರಡು ಮೊಂಡು ಕುಡಗೋಲು ಅವೆ.